ಎರಡು ಸೆಕೆಂಡಿನ ಪಟ್ಟಿ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬನ ಕತೆ ಇದು. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹೆಸರು ಬೇಡ, ಹುಡುಗ ಎಂದೇ ಕರೆಯುತ್ತೇನೆ. ವಯಸ್ಸು ಮೂವತ್ತರ ಹತ್ತಿರ.

ಕೆಲಸ ಮಂಗಳೂರಿನಲ್ಲಿ, ಮನೆ ಉಡುಪಿ ಕಡೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮ್ಯಾನೇಜರ್ ಫೋನ್ ಬಂದರೆ ಕೈ ತಣ್ಣಗಾಗುತ್ತದೆ ಎಂದು ಬಂದಿದ್ದ. ಡಾಕ್ಟರು ನೋಡಿ, ದೇಹಕ್ಕೆ ತೊಂದರೆಯೇನಿಲ್ಲ ಎಂದಿದ್ದರಂತೆ. ಮೊದಲೆರಡು ಭೇಟಿಯಲ್ಲಿ ಅಪ್ಪನ ಸಿಟ್ಟು, ಹೆಣ್ಣು ನೋಡುವ ಗಲಾಟೆ, ಮನೆ ಸಾಲ ಎಲ್ಲ ಬಂತು. ಎಲ್ಲವೂ ನಿಜ, ಆದರೆ ಯಾವುದನ್ನು ಹೇಳುವಾಗಲೂ ಅವನ ಕೈ ತಣ್ಣಗಾಗಲಿಲ್ಲ.

ಮೂರನೆಯ ಸಲ ಬಂದಾಗ ಧೋ ಎಂದು ಮಳೆ, ಕರೆಂಟೂ ಇರಲಿಲ್ಲ. "ಮ್ಯಾನೇಜರ್ ಒಂದು ಪಟ್ಟಿ ಕೇಳಿದ್ದಾರೆ ಮೇಡಂ, ಮೂರು ವಾರ ಆಯ್ತು" ಎಂದ, ದೊಡ್ಡ ವಿಷಯವೇ ಅಲ್ಲವೆಂಬಂತೆ.

ಆಫೀಸಿನಲ್ಲಿ ಸ್ಟ್ಯಾಕ್‌ಸ್ಟಾರ್ಮ್ ಎಂಬ ಆಟೊಮೇಷನ್ ವ್ಯವಸ್ಥೆ ಇದೆ. ಯಾವುದೋ ಸರ್ವರಿನ ಡಿಸ್ಕ್ ತುಂಬಿದ ಸುದ್ದಿ ಬಂದರೆ, ನಡುರಾತ್ರಿ ಮನುಷ್ಯರನ್ನು ಎಬ್ಬಿಸದೆ ತಾನೇ ಕೆಲಸ ಮುಗಿಸುತ್ತದೆ. ಬೇರೆ ಬೇರೆ ಸಾಫ್ಟ್‌ವೇರ್‌ಗಳ ಜೊತೆ ಅದು ಮಾತಾಡಬೇಕಾದರೆ ಪ್ಯಾಕ್‌ಗಳನ್ನು ಹಾಕಬೇಕು. ಕೆಲಸಗಳ ಲೆಕ್ಕ ಇಡುವ ಜಿರಾಗೆ ಒಂದು, ಅಮೆಜಾನಿನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ಗೆ ಒಂದು, ಹೀಗೆ. ಏನೇನು ಹಾಕಿದ್ದೀರಿ ತಿಳಿಸಿ ಎಂದು ಗ್ರಾಹಕ ಕಂಪನಿ ಕೇಳಿತ್ತು.

"ಪಟ್ಟಿ ಮಾಡ್ಲಿಕ್ಕೆ ಎಷ್ಟು ಹೊತ್ತು ಬೇಕು?"

"ಎಂತ ಇಲ್ಲ ಮೇಡಂ. ಎಸ್‌ಟಿ2 ಪ್ಯಾಕ್ ಲಿಸ್ಟ್ ಅಂತ ಕಮಾಂಡ್ ಹೊಡೆದ್ರೆ ಆಯ್ತು. ಎರಡು ಸೆಕೆಂಡ್."

"ಹೊಡೆದ್ರೆ ಏನಾದ್ರೂ ಹಾಳಾಗ್ತದಾ?"

"ಇಲ್ಲ. ಬರೀ ತೋರಿಸ್ತದೆ." ಸ್ವಲ್ಪ ಹೊತ್ತು ಸುಮ್ಮನಿದ್ದ. "ತೋರಿಸಿದ ಮೇಲೆ ಅದು ನನ್ನದಾಗ್ತದೆ."

ನಮ್ಮ ಕಡೆಯ ಕುಟುಂಬದ ಮನೆಗಳ ಅಟ್ಟದ ಕತೆಯೂ ಇದೇ. ಯಾರೂ ಹತ್ತುವುದಿಲ್ಲ. ಹತ್ತಿದವನೇ ಗುಡಿಸಬೇಕು, ತಾಮ್ರದ ಹಂಡೆ ಎಲ್ಲಿ ಹೋಯಿತೆಂದು ಅವನನ್ನೇ ಕೇಳುತ್ತಾರೆ.

ಒಂದು ಹಾಳೆ ಕೊಟ್ಟು, ನೆನಪಿದ್ದಷ್ಟು ಬರಿ ಎಂದೆ. ಕೋರ್, ಲಿನಕ್ಸ್, ಪ್ಯಾಕ್ಸ್, ಚಾಟ್‌ಆಪ್ಸ್ ಎಂದು ಬೇಗ ಬೇಗ ಬರೆದ. ಇವೆಲ್ಲ ವ್ಯವಸ್ಥೆಯ ಜೊತೆಗೇ ಬರುವಂಥವಂತೆ. ಡಿಫಾಲ್ಟ್ ಎಂದು ಬರೆಯುವಾಗ ಪೆನ್ನು ನಿಂತಿತು.

ಅದೂ ಜೊತೆಗೇ ಬರುವ ಪ್ಯಾಕ್. ಯಾವ ಪ್ಯಾಕಿಗೆ ಸೇರಿದ್ದೆಂದು ಹೇಳದೆ ಏನನ್ನಾದರೂ ಸೃಷ್ಟಿಸಿದರೆ ಅದು ಹೋಗಿ ಡಿಫಾಲ್ಟಿನಲ್ಲಿ ಕೂರುತ್ತದೆ. ಎಂಟು ತಿಂಗಳ ಹಿಂದೆ ಒಂದು ರಾತ್ರಿ ಇವನು ಯಾರಿಗೂ ಹೇಳದೆ ಒಂದು ರೂಲ್ ಹಾಕಿದ್ದ. ಅಲರ್ಟ್ ಬಂದರೆ ಗ್ರಾಹಕರ ಒಂದು ಸರ್ವಿಸನ್ನು ಅದು ತಾನಾಗಿ ರೀಸ್ಟಾರ್ಟ್ ಮಾಡುತ್ತದೆ. ಅನುಮತಿ ಕೇಳಲು ಆಗ ಯಾರೂ ಎದ್ದಿರಲಿಲ್ಲ. ಬೆಳಿಗ್ಗೆ ಹೇಳೋಣ ಎಂದುಕೊಂಡ, ಹೇಳಲಿಲ್ಲ. ರೂಲ್ ಇವತ್ತಿಗೂ ಕೆಲಸ ಮಾಡುತ್ತಿದೆ.

"ಹಾಗಾದ್ರೆ ಪಟ್ಟಿಯಲ್ಲಿ ಅದು ಕಾಣ್ತದಾ?" ಎಂದೆ.

ಅವನು ಹಾಳೆಯನ್ನೇ ನೋಡುತ್ತಿದ್ದ. "ಕಾಣುವುದಿಲ್ಲ ಮೇಡಂ. ಡಿಫಾಲ್ಟ್ ಅಂತ ಒಂದು ಗೆರೆ ಬರ್ತದೆ, ಅಷ್ಟೆ. ಒಳಗೆ ಎಂತ ಉಂಟು ಅಂತ ಪ್ಯಾಕ್ ಪಟ್ಟಿ ಹೇಳುವುದಿಲ್ಲ."

ಮೂರು ವಾರ ನಿದ್ದೆಗೆಡಿಸಿದ ಪಟ್ಟಿ ಅವನ ಹೆಸರನ್ನೇ ಎತ್ತುವುದಿಲ್ಲ! ಅವನಿಗೆ ನಗು ಬಂತು, ನನಗೂ ಬಂತು. ಆಮೇಲೆ ಕೇಳಿದ: "ಹಾಗಾದ್ರೆ ಆ ರೂಲನ್ನು ಮೆಲ್ಲ ತೆಗೆದುಬಿಟ್ಟು, ಪಟ್ಟಿ ಕಳಿಸಿದ್ರೆ ಮುಗೀತಲ್ಲ?"

ಬೇಡ ಎಂದೆ. ಆಪ್ತಸಲಹೆಗಾರರು ಹೀಗೆ ನೇರ ಹೇಳಬಾರದೆಂಬುದು ನನಗೂ ಗೊತ್ತು. ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, "ಆತಂಕ ಕಡಿಮೆ ಮಾಡುವುದು ನಿಮ್ಮ ಕೆಲಸ, ತಪ್ಪೊಪ್ಪಿಗೆ ಮಾಡಿಸುವುದಲ್ಲ. ಅವನ ಕೆಲಸ ಹೋಗಿದ್ದರೆ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಆದರೂ ನಾನು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ಭಯಪಟ್ಟದ್ದರಿಂದ ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿಯೇ ಆ ಭಯಕ್ಕೆ ಗೊಬ್ಬರ. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಮನಸ್ಸು 'ನೋಡು, ಓಡಿದ್ದಕ್ಕೇ ಬದುಕಿದೆ' ಎಂದು ಕಲಿಯುತ್ತದೆ. ರೂಲ್ ಅಳಿಸಿದರೆ, ಅಳಿಸಿದ್ದು ಗೊತ್ತಾದೀತು ಎಂಬ ಹೊಸ ಹೆದರಿಕೆ. ಅದರ ಮೇಲೆ, ನಡುರಾತ್ರಿ ಆ ಸರ್ವಿಸ್ ನಿಂತರೆ? ಕೆಲಸ ಹೋದರೆ ಮನೆ ಸಾಲದ ಕಂತನ್ನು ಎಷ್ಟು ತಿಂಗಳು ಕಟ್ಟಬಹುದೆಂದು ಇಬ್ಬರೂ ಕೂತು ಲೆಕ್ಕ ಹಾಕಿದೆವು: ಐದು ತಿಂಗಳು. ತೀರ್ಮಾನ ನಿನ್ನದು ಎಂದೂ ಹೇಳಿದೆ.

ಹೇಳಿಕೊಟ್ಟದ್ದು ಇಷ್ಟು. ಏನನ್ನೂ ಅಳಿಸಬೇಡ, ಮೊದಲು ಪಟ್ಟಿ. ವ್ಯವಸ್ಥೆ ಕೊಟ್ಟದ್ದು ಒಂದು ಪುಟ. ಡಿಫಾಲ್ಟಿನ ಒಳಗಿನ ರೂಲ್‌ಗಳದು ಇನ್ನೊಂದು ಪುಟ, ಅದರಲ್ಲಿ ನಿನ್ನದೂ ಇರಲಿ: ಯಾವಾಗ ಹಾಕಿದೆ, ಏನು ಮಾಡುತ್ತದೆ, ಯಾಕೆ ಹಾಕಿದೆ. ಕೆಲಸ ಬಿಟ್ಟು ಹೋದವರು ಹಾಕಿದ ಪ್ಯಾಕ್ ಯಾತಕ್ಕೆಂದು ತಿಳಿಯದಿದ್ದರೆ 'ಗೊತ್ತಿಲ್ಲ' ಎಂದೇ ಬರೆ. ಕ್ಷಮಿಸಿ ಎಂದು ಒಂದೇ ಸಲ. ಶುಕ್ರವಾರ ಸಂಜೆ ಮಾತ್ರ ಕಳಿಸಬೇಡ, ಎರಡು ದಿನ ಉತ್ತರಕ್ಕೆ ಕಾದು ಸಾಯುತ್ತೀ. ಮಂಗಳವಾರ ಬೆಳಿಗ್ಗೆ ಕಳಿಸಿ ಸೀಟಿನಲ್ಲೇ ಕೂತಿರು.

ಮಂಗಳವಾರ ಅಲ್ಲ, ಗುರುವಾರ ಕಳಿಸಿದ. ಮ್ಯಾನೇಜರ್ ಚೆನ್ನಾಗಿ ಬೈದರಂತೆ, ಒಂದು ಫಾರ್ಮ್ ತುಂಬಿಸಿದರಂತೆ. ಮರುದಿನ ತಂಡದವರೆಲ್ಲರಿಗೂ ಮೇಲ್ ಹೋಯಿತು, ಡಿಫಾಲ್ಟಿನಲ್ಲಿ ಯಾರದೇನಿದೆ ಬರೆದು ಕೊಡಿ ಎಂದು. ಇಬ್ಬರು ಇವನ ಜೊತೆ ಮಾತು ಬಿಟ್ಟರು. ಆ ಭಾಗವನ್ನು ನಾನು ಊಹಿಸಿರಲಿಲ್ಲ. ಅದು ನನ್ನ ಕೊರತೆ.

ಇಂಥವರು ಬರುತ್ತಲೇ ಇದ್ದಾರೆ, ಎಲ್ಲರೂ ಸಾಫ್ಟ್‌ವೇರಿನವರಲ್ಲ. ಕಳೆದ ತಿಂಗಳು ಬಂದವರು ಒಂದು ಅಂಗಡಿಯ ಸ್ಟಾಕ್ ಪುಸ್ತಕ ನೋಡಿಕೊಳ್ಳುವ ಹೆಂಗಸು. ಅವರಿಗೂ ಹಾಳೆ, ಪೆನ್ನು ಕೊಟ್ಟೆ. ನಾಲ್ಕು ಸಾಲು ಬರೆದು, ಕುಡಿಯಲು ನೀರು ಕೇಳಿದರು. ಐದನೆಯದಕ್ಕೆ ಮುಂದಿನ ವಾರ ಬರುತ್ತೇನೆ ಎಂದಿದ್ದಾರೆ.