ಬಾಲ್ಕನಿಯಲ್ಲಿ ಕೂತವಳು, ಮೆಟ್ಟಿಲು ಹತ್ತಿ ಬಂದವನು

ಓದುಗರ ಪ್ರಶ್ನೆಗಳಿಗೆ ಉತ್ತರ

ಹಣ ಕೊಟ್ಟು ದೇಹಸಂಪರ್ಕ ಪಡೆಯುವ ಗಂಡಸಿನ ಬಗ್ಗೆ ಕಾನೂನು ಏನು ಹೇಳುತ್ತದೆ, ಸ್ತ್ರೀವಾದಿಗಳು ಏನು ಹೇಳುತ್ತಾರೆ ಎಂದು ಕೇಳಿ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಹೆಸರು ಬೇಡ ಎಂದು ಹಲವರು ಬರೆದಿದ್ದರಿಂದ ಊರುಗಳನ್ನು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ಲಾಡ್ಜಿನ ಮೇಲೆ ದಾಳಿಯಾದಾಗ ಸಿಕ್ಕಿಬಿದ್ದ ಗಿರಾಕಿಗಳ ಕೇಸು ಮಂಗಳೂರಿನಲ್ಲಾದರೆ ರದ್ದಾಗುತ್ತದೆ, ಕಾಸರಗೋಡಿನಲ್ಲಾದರೆ ರದ್ದಾಗುವುದಿಲ್ಲ ಎನ್ನುತ್ತಾರೆ. ತಲಪಾಡಿ ಗಡಿ ದಾಟಿದರೆ ಕಾನೂನೇ ಬೇರೆಯಾಗುತ್ತದೆಯೇ? (ಬದಿಯಡ್ಕ)

ಕಾಯ್ದೆ ಎರಡೂ ಕಡೆ ಒಂದೇ, 1956ರ ಅನೈತಿಕ ಸಾಗಾಟ ತಡೆ ಕಾಯ್ದೆ. ಕೋರ್ಟಿನಲ್ಲಿ ಇದಕ್ಕೆ ಐಟಿಪಿ ಎನ್ನುತ್ತಾರೆ. ಬೇರೆಯಾಗುವುದು ಹೈಕೋರ್ಟುಗಳು ಅದನ್ನು ಓದುವ ರೀತಿ.

ಈ ಕಾಯ್ದೆಯ 3ನೇ ಕಲಮು ವೇಶ್ಯಾಗೃಹ ನಡೆಸುವವರಿಗೆ, 4ನೆಯದು ಆ ಸಂಪಾದನೆಯಲ್ಲಿ ಬದುಕುವವರಿಗೆ, 5ನೆಯದು ಹೆಣ್ಣನ್ನು ಒದಗಿಸುವ ಅಥವಾ ಪುಸಲಾಯಿಸಿ ತರುವವರಿಗೆ. ಗಿರಾಕಿ ಎಂಬ ಪದ ಈ ಮೂರರಲ್ಲೂ ಇಲ್ಲ. ಅದೇ ಕಾರಣ ಕೊಟ್ಟು ಕರ್ನಾಟಕ ಹೈಕೋರ್ಟ್ ಗಿರಾಕಿಗಳ ಮೇಲಿನ ಕೇಸುಗಳನ್ನು ಹಲವು ಸಲ ರದ್ದುಮಾಡಿದೆ. ಕೇರಳ ಹೈಕೋರ್ಟಿನ ಓದು ಬೇರೆ. 2022ರಲ್ಲಿ ಅದು 7ನೇ ಕಲಮನ್ನು ಹಿಡಿಯಿತು. ಆ ಕಲಮಿನಲ್ಲಿ ವೃತ್ತಿ ಮಾಡುವವರ ಜೊತೆಗೆ 'ಯಾರೊಂದಿಗೆ ಮಾಡಲಾಗುತ್ತದೋ ಆ ವ್ಯಕ್ತಿ' ಎಂಬ ಮಾತೂ ಇದೆ. ಹಾಗಾಗಿ ಗಿರಾಕಿಯೂ ಅದರೊಳಗೆ ಬರುತ್ತಾನೆ ಎಂದಿತು. 2025ರ ಸೆಪ್ಟೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೈಂಗಿಕ ಕಾರ್ಯಕರ್ತೆ ಮಾರಾಟದ ಸರಕಲ್ಲ, ಆದ್ದರಿಂದ ಬಂದವನನ್ನು ಗಿರಾಕಿ ಎನ್ನುವುದೇ ಸರಿಯಲ್ಲ, ಅವನು ಕೊಡುವ ಹಣವೇ ಅವಳನ್ನು ಆ ಕೆಲಸಕ್ಕೆ ದೂಡುವ ಪ್ರಚೋದನೆ, ಆ ಹಣದ ದೊಡ್ಡ ಪಾಲು ವೇಶ್ಯಾಗೃಹ ನಡೆಸುವವರಿಗೇ ಹೋಗುತ್ತದೆ ಎಂಬುದು ತೀರ್ಪಿನ ವಾದ. 3 ಮತ್ತು 4ನೇ ಕಲಮಿನ ಆರೋಪಗಳು ಬಿದ್ದುಹೋದವು. ವೃತ್ತಿಗೆ ಪ್ರಚೋದಿಸುವುದರ ಬಗೆಗಿನ 5(1)(ಡಿ) ಮತ್ತು 7 ಉಳಿದವು.

ಕೇರಳ ಹೈಕೋರ್ಟಿನ ತೀರ್ಪು ಮಂಜೇಶ್ವರದಿಂದ ಈಚೆಗಿನ ಕೋರ್ಟುಗಳನ್ನು ಕಟ್ಟಿಹಾಕುತ್ತದೆ, ಕರ್ನಾಟಕದ್ದು ತಲಪಾಡಿಯಿಂದ ಆಚೆಗಿನವನ್ನು.

7ನೇ ಕಲಮಿನ ಅಳತೆಯನ್ನೂ ನೋಡಬೇಕು. ದೇವಸ್ಥಾನ, ಮಸೀದಿ, ಇಗರ್ಜಿ, ಶಾಲೆ, ಹಾಸ್ಟೆಲ್, ಆಸ್ಪತ್ರೆ ಇವುಗಳಿಂದ 200 ಮೀಟರ್ ಒಳಗೆ ನಡೆದರೆ ಅಪರಾಧ, ಶಿಕ್ಷೆ 3 ತಿಂಗಳವರೆಗೆ. ನಮ್ಮ ಪೇಟೆಗಳಲ್ಲಿ 200 ಮೀಟರಿಗೆ ಒಂದು ಮಸೀದಿಯೋ ದೇವಸ್ಥಾನವೋ ಶಾಲೆಯೋ ಇಲ್ಲದ ಜಾಗ ಎಲ್ಲಿದೆ? ಉಪ್ಪಳ ಪೇಟೆಯಲ್ಲಿ ಟೇಪು ಹಿಡಿದು ಅಳೆದರೆ ಹೊರಗುಳಿಯುವ ಲಾಡ್ಜು ಸಿಗುವುದು ಕಷ್ಟ. ಎಫ್‌ಐಆರಿನಲ್ಲಿ ಈ ಕಲಮು ಇದ್ದರೆ ಮಹಜರಿನಲ್ಲಿ ದೂರವನ್ನು ಅಳೆದು ಬರೆದಿದ್ದಾರೆಯೇ ಎಂದು ವಕೀಲರು ಮೊದಲು ನೋಡುವುದು ಇದಕ್ಕೇ. 'ಹತ್ತಿರದಲ್ಲಿದೆ' ಎಂದಷ್ಟೇ ಬರೆದ ಮಹಜರು ವಿಚಾರಣೆಯಲ್ಲಿ ನಿಲ್ಲುವುದು ಕಷ್ಟ.

ಪ್ರಶ್ನೆ: ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದೇನೆ. ಸ್ತ್ರೀವಾದಿಗಳು ಗಿರಾಕಿಗೆ ಶಿಕ್ಷೆ ಬೇಕು ಎನ್ನುವವರೋ, ಬೇಡ ಎನ್ನುವವರೋ? (ಕುಂಬಳೆ)

ಎರಡೂ ಕಡೆ ಇದ್ದಾರೆ ತಂಗಿ, ಮತ್ತು ಎರಡೂ ಕಡೆಯವರು ಹೆಣ್ಣಿನ ಪರವಾಗಿಯೇ ಮಾತಾಡುತ್ತಾರೆ. ಚರ್ಚೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಒಂದು ಕಡೆಯವರನ್ನು ಮಡಿವಂತರು ಎಂದೋ ಇನ್ನೊಂದು ಕಡೆಯವರನ್ನು ದಲ್ಲಾಳಿಗಳ ಪರ ಎಂದೋ ತಳ್ಳಿಹಾಕಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮೊದಲ ಕಡೆಯವರ ವಾದ: ಕೊಳ್ಳುವವನಿಲ್ಲದಿದ್ದರೆ ಮಾರಾಟವೇ ಇಲ್ಲ. ಬಡತನ, ಜಾತಿ, ಸಾಲ, ಗಂಡ ಬಿಟ್ಟುಹೋದದ್ದು ಇವು ಸೇರಿ ಒಬ್ಬಳನ್ನು ಅಲ್ಲಿಗೆ ತಂದು ನಿಲ್ಲಿಸಿರುವಾಗ ಹಣದ ಬದಲಿಗೆ ಬಂದ 'ಹೂಂ' ಒಪ್ಪಿಗೆಯಾಗುವುದಿಲ್ಲ. ಅವಳನ್ನು ಬಿಡಿ, ಅವನನ್ನು ಹಿಡಿಯಿರಿ. ಈ ವಾದವನ್ನು ಕಾನೂನಾಗಿಸಿದ ಮೊದಲ ದೇಶ ಸ್ವೀಡನ್, 1999ರ ಜನವರಿ 1ರಿಂದ. ನಾರ್ವೆ ಮತ್ತು ಐಸ್‌ಲ್ಯಾಂಡ್ 2009ರಲ್ಲಿ, ಫ್ರಾನ್ಸ್ 2016ರಲ್ಲಿ, ಐರ್ಲೆಂಡ್ 2017ರಲ್ಲಿ ಅದೇ ದಾರಿ ಹಿಡಿದವು. ಫ್ರಾನ್ಸಿನಲ್ಲಿ ದಂಡ 1500 ಯೂರೋ, ಮತ್ತೆ ಸಿಕ್ಕಿಬಿದ್ದರೆ 3750. ನಮ್ಮ ದೇಶದಲ್ಲಿ 2002ರಲ್ಲಿ ಹುಟ್ಟಿದ, ಹೆಣ್ಣುಮಕ್ಕಳ ಸಾಗಾಟದ ವಿರುದ್ಧ ಕೆಲಸ ಮಾಡುವ ಅಪ್ನೇ ಆಪ್ ಸಂಸ್ಥೆಯದೂ ಇದೇ ನಿಲುವು.

ಎರಡನೇ ಕಡೆಯವರಲ್ಲಿ ಆ ವೃತ್ತಿಯಲ್ಲಿರುವ ಹೆಂಗಸರೇ ಕಟ್ಟಿದ ಸಂಘಟನೆಗಳಿವೆ. ಕೊಲ್ಕತ್ತದ ದರ್ಬಾರ್ ಮಹಿಳಾ ಸಮನ್ವಯ ಸಮಿತಿ 1995ರದು. ಸಾಂಗ್ಲಿಯ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ 1996ರದು. ದೇವದಾಸಿ ಪದ್ಧತಿಯಿಂದ ಬಂದವರು ಅದರಲ್ಲಿ ಹಲವರಿದ್ದಾರೆ. ಅವರ ವಾದ ರಸ್ತೆಯಿಂದ ಶುರುವಾಗುತ್ತದೆ. ಗಿರಾಕಿಗೆ ಪೊಲೀಸರ ಭಯ ಹತ್ತಿದರೆ ಅವನು ಬೆಳಕಿರುವ ಕಡೆ ನಿಲ್ಲುವುದಿಲ್ಲ, ಹೆಸರು ಹೇಳುವುದಿಲ್ಲ, ಅವಸರ ಮಾಡುತ್ತಾನೆ. ಅವನು ಕುಡಿದಿದ್ದಾನೆಯೇ, ಒಬ್ಬನೇ ಬಂದಿದ್ದಾನೆಯೇ, ಕಾಂಡೋಮಿಗೆ ಒಪ್ಪುತ್ತಾನೆಯೇ ಎಂದು ಅವಳು ನೋಡಿಕೊಳ್ಳುವುದು ಆ ಮೊದಲ ನಾಲ್ಕೈದು ನಿಮಿಷಗಳ ಮಾತಿನಲ್ಲಿ. ಕಾನೂನು ಕಸಿದುಕೊಳ್ಳುವುದು ಆ ನಿಮಿಷಗಳನ್ನೇ. ಇವರು ಮಾದರಿಯಾಗಿ ತೋರಿಸುವುದು ನ್ಯೂಜಿಲೆಂಡನ್ನು. ಅಲ್ಲಿ 2003ರಲ್ಲಿ ವಯಸ್ಕರ ನಡುವಿನ ವ್ಯವಹಾರವನ್ನು ಅಪರಾಧದ ಪಟ್ಟಿಯಿಂದಲೇ ತೆಗೆದರು.

ಭಾರತದಲ್ಲೂ ಈ ಜಟಾಪಟಿ ಒಮ್ಮೆ ಸಂಸತ್ತಿನವರೆಗೆ ಹೋಗಿತ್ತು. 2006ರ ತಿದ್ದುಪಡಿ ಮಸೂದೆಯಲ್ಲಿ, ಗಿರಾಕಿಯನ್ನು ಕರೆದವಳಿಗೆ ಶಿಕ್ಷೆ ಕೊಡುವ 8ನೇ ಕಲಮನ್ನು ತೆಗೆದುಹಾಕಿ 5ಸಿ ಎಂಬ ಹೊಸ ಕಲಮು ಸೇರಿಸುವ ಪ್ರಸ್ತಾವವಿತ್ತು. ಸಾಗಾಟಕ್ಕೆ ಒಳಗಾದವರನ್ನು ಬಳಸಿಕೊಳ್ಳಲು ವೇಶ್ಯಾಗೃಹಕ್ಕೆ ಹೋದವನಿಗೆ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ ಅಥವಾ ಎರಡೂ. ವೃತ್ತಿಯಲ್ಲಿರುವ ಹೆಂಗಸರ ಸಂಘಟನೆಗಳು ಬೀದಿಗಿಳಿದು ವಿರೋಧಿಸಿದವು. 2009ರಲ್ಲಿ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಬಿದ್ದುಹೋಯಿತು. ಅದರೊಂದಿಗೆ 8ನೇ ಕಲಮನ್ನು ತೆಗೆಯುವ ಅವಕಾಶವೂ ಹೋಯಿತು.

ಎರಡೂ ಕಡೆಯವರು ಒಪ್ಪುವ ಮಾತೆಂದರೆ ಹೆಣ್ಣಿಗೆ ಶಿಕ್ಷೆ ಕೂಡದು ಎಂಬುದು. ಹಾಗಿದ್ದೂ 8ನೇ ಕಲಮು ಇಂದಿಗೂ ಹಾಗೇ ಇದೆ. ಅದನ್ನೊಮ್ಮೆ ನಿಧಾನವಾಗಿ ಓದಿ. ಮಾತಿನಿಂದ, ಸನ್ನೆಯಿಂದ, ಅಥವಾ ಕಿಟಕಿಯ ಬಳಿಯೋ ಮನೆಯ ಬಾಲ್ಕನಿಯಲ್ಲೋ ಕೂತು 'ಅವಳ' ಮೈ ತೋರಿಸಿ ಕರೆದರೆ ಅಪರಾಧ. ಕಿಟಕಿ, ಬಾಲ್ಕನಿ ಎಂಬ ಪದಗಳು ಕಾಯ್ದೆಯಲ್ಲೇ ಇವೆ. ಶಿಕ್ಷೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 500 ರೂಪಾಯಿವರೆಗೆ ದಂಡ ಅಥವಾ ಎರಡೂ, ಎರಡನೇ ಸಲ ಒಂದು ವರ್ಷದವರೆಗೆ. ಅದೇ ಅಪರಾಧ ಮಾಡಿದ್ದು ಗಂಡಸಾದರೆ ಕನಿಷ್ಠ 7 ದಿನ, ಗರಿಷ್ಠ 3 ತಿಂಗಳು. ಅವಳಿಗಿರುವ ಗರಿಷ್ಠದ ಅರ್ಧ. ಬಾಲ್ಕನಿಯಲ್ಲಿ ಕೂತವಳನ್ನು ಕಂಡ ಕಾಯ್ದೆಗೆ ಆ ಮನೆಯ ಮೆಟ್ಟಿಲು ಹತ್ತಿ ಬಂದವನು ಕಾಣಲಿಲ್ಲ.

'ವೇಶ್ಯಾಗೃಹ' ಎಂಬುದರ ವ್ಯಾಖ್ಯೆಯೂ ಹೀಗೆಯೇ. ಇಬ್ಬರು ಹೆಂಗಸರು ತಮ್ಮಿಬ್ಬರ ಲಾಭಕ್ಕೆ ಒಂದು ಕೋಣೆಯನ್ನು ಬಳಸಿದರೂ ಅದು ವೇಶ್ಯಾಗೃಹ. ಒಬ್ಬಳೇ ಇದ್ದರೆ ಅಪಾಯ ಎಂದು ಜೊತೆಗೊಬ್ಬಳನ್ನು ಇಟ್ಟುಕೊಂಡರೆ 3ನೇ ಕಲಮು, ಕನಿಷ್ಠ ಒಂದು ವರ್ಷ. 4ನೇ ಕಲಮಿನ ಪ್ರಕಾರ 18 ದಾಟಿದ ಮಗ ಗೊತ್ತಿದ್ದೂ ಅಮ್ಮನ ಸಂಪಾದನೆಯಲ್ಲಿ ಕಾಲೇಜಿಗೆ ಹೋಗುತ್ತಿದ್ದರೆ ಅವನೂ ಆರೋಪಿಯಾಗಬಹುದು.

ನಮ್ಮ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ. ಮೊದಲು 8ನೇ ಕಲಮು ಹೋಗಬೇಕು, ಜೊತೆಗೆ ಅವಳನ್ನು ಊರಿನಿಂದ ಹೊರಗಟ್ಟಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರ ಕೊಡುವ 20ನೇ ಕಲಮೂ. ಅವು ಇರುವಾಗ ಗಿರಾಕಿಗೂ ಶಿಕ್ಷೆ ಸೇರಿಸಿದರೆ ಪೊಲೀಸರ ಕೈಗೆ ಇನ್ನೊಂದು ಲಾಠಿ ಕೊಟ್ಟಂತೆ. ದಾಳಿಯಾದಾಗ ಏಟು ಬೀಳುವುದು ಮತ್ತೆ ಅವಳಿಗೇ. 2025ರ ಕೇರಳ ತೀರ್ಪಿನ 'ಸರಕಲ್ಲ' ಎಂಬ ಮಾತನ್ನು ನಾವು ಗೌರವದಿಂದ ಓದಿದ್ದೇವೆ. ಆದರೂ ಅದರಿಂದ ದಾಳಿಗಳು ಹೆಚ್ಚಾಗಬಹುದು ಎಂಬ ಆತಂಕ ನಮಗಿದೆ.

ಪ್ರಶ್ನೆ: ಗಂಡಸಿಗೆ ಅದು ಸಹಜ ಬೇಡಿಕೆ, ಇಂಥ ಜಾಗ ಇಲ್ಲದಿದ್ದರೆ ಮನೆಯ ಹೆಣ್ಣುಮಕ್ಕಳಿಗೆ ರಕ್ಷಣೆ ಇರುವುದಿಲ್ಲ ಎನ್ನುತ್ತಾರಲ್ಲ? (ಮುಳ್ಳೇರಿಯ)

ಹಾಗಾದರೆ ಅಲ್ಲಿರುವವರು ಯಾರ ಮನೆಯ ಹೆಣ್ಣುಮಕ್ಕಳು? ಮೇಲಿನ ಎರಡು ಕಡೆಯ ಸ್ತ್ರೀವಾದಿಗಳಲ್ಲಿ ಒಬ್ಬರೂ ಈ ವಾದವನ್ನು ಒಪ್ಪುವುದಿಲ್ಲ. ಬ್ರಿಟಿಷರು 1868ರಲ್ಲಿ ಭಾರತದಲ್ಲಿ ಸಾಂಕ್ರಾಮಿಕ ರೋಗ ಕಾಯ್ದೆ ತಂದದ್ದೂ ಸಿಪಾಯಿಗಳ 'ಸಹಜ ಬೇಡಿಕೆ'ಯ ಹೆಸರಿನಲ್ಲೇ. ಹೆಂಗಸರ ಹೆಸರು ನೋಂದಾಯಿಸಿ ಬಲವಂತದಿಂದ ಲೈಂಗಿಕ ರೋಗದ ತಪಾಸಣೆ ಮಾಡಿದರು, ಸಿಪಾಯಿಯನ್ನು ಮುಟ್ಟಲಿಲ್ಲ. ಇಂಗ್ಲೆಂಡಿನಲ್ಲಿ ಅಂಥದೇ ಕಾಯ್ದೆಯ ವಿರುದ್ಧ ಸಮಾಜ ಸುಧಾರಕಿ ಜೋಸೆಫೀನ್ ಬಟ್ಲರ್ ವರ್ಷಗಟ್ಟಲೆ ಹೋರಾಡಿದರು. 1886ರಲ್ಲಿ ಅದು ರದ್ದಾಯಿತು. ಇಲ್ಲಿನದು 1888ರಲ್ಲಿ ಹೋಯಿತು. ಆದರೆ ಇಂದಿನ ಕಾಯ್ದೆಯ 15(5ಎ) ಪ್ರಕಾರ ದಾಳಿಯಲ್ಲಿ ಬಿಡಿಸಿ ತಂದವಳಿಗೆ ಲೈಂಗಿಕ ರೋಗದ ತಪಾಸಣೆ ಈಗಲೂ ಇದೆ. ಅದೇ ಕೋಣೆಯಲ್ಲಿ ಸಿಕ್ಕವನಿಗೆ ಇಲ್ಲ.

ಪ್ರಶ್ನೆ: 2022ರಲ್ಲಿ ಸುಪ್ರೀಂ ಕೋರ್ಟ್ ಈ ವೃತ್ತಿಯನ್ನು ಕಾನೂನುಬದ್ಧ ಮಾಡಿತು ಎಂದು ಓದಿದ್ದೆ. ನಿಜವೇ? (ಜತ್, ಸಾಂಗ್ಲಿ ಜಿಲ್ಲೆ)

ಪೂರ್ತಿ ನಿಜವಲ್ಲ. 2022ರ ಮೇ 19ರ ಆದೇಶದಲ್ಲಿ ಸಮಿತಿಯೊಂದರ ಹತ್ತು ಶಿಫಾರಸುಗಳಿದ್ದವು. ಒಪ್ಪಿಗೆಯಿಂದ ವೃತ್ತಿಯಲ್ಲಿರುವ ವಯಸ್ಕರ ವಿಷಯಕ್ಕೆ ಪೊಲೀಸರು ಹೋಗಬಾರದು, ದಾಳಿಯಲ್ಲಿ ಅವರನ್ನು ಬಂಧಿಸಬಾರದು ಎಂಬ ಎರಡು ಶಿಫಾರಸುಗಳೇ ಪತ್ರಿಕೆಗಳ ತಲೆಬರಹವಾದವು. ಆದರೆ ಅವುಗಳ ಬಗ್ಗೆ ಕೇಂದ್ರ ಸರ್ಕಾರದ ಆಕ್ಷೇಪವಿತ್ತು; ಕೂಡಲೇ ಪಾಲಿಸಬೇಕೆಂದು ಕೋರ್ಟ್ ಹೇಳಿದ ಪಟ್ಟಿಯಲ್ಲಿ ಅವು ಇಲ್ಲ. ಪಾಲಿಸಲೇಬೇಕಾದವು ಬೇರೆ: ಅತ್ಯಾಚಾರಕ್ಕೆ ಒಳಗಾದ ಲೈಂಗಿಕ ಕಾರ್ಯಕರ್ತೆಗೆ ಕೂಡಲೇ ವೈದ್ಯಕೀಯ ನೆರವು, ಇಚ್ಛೆಯಿಲ್ಲದೆ ರಕ್ಷಣಾಗೃಹದಲ್ಲಿ ಇರಿಸಿರುವ ವಯಸ್ಕರ ಬಿಡುಗಡೆಯ ಪರಿಶೀಲನೆ, ಮಾಧ್ಯಮಗಳು ಗುರುತು ಬಯಲು ಮಾಡದಿರುವುದು, ಕಾಂಡೋಮನ್ನು ಅಪರಾಧಕ್ಕೆ ಸಾಕ್ಷ್ಯವಾಗಿ ಬಳಸದಿರುವುದು ಮುಂತಾದವು. ಕೊನೆಯದನ್ನು ನೆನಪಿಟ್ಟುಕೊಳ್ಳಿ. ಮೊಬೈಲು, ನಗದು, ಲಾಡ್ಜಿನ ರಿಜಿಸ್ಟರ್ ಜೊತೆಗೆ 'ಕಾಂಡೋಮ್ ಪ್ಯಾಕೆಟ್' ಎಂದು ಮಹಜರಿನಲ್ಲಿ ಬರೆದಿದ್ದರೆ ವಕೀಲರು ಈ ಆದೇಶವನ್ನು ಎತ್ತಿ ತೋರಿಸಬೇಕು.

ಇನ್ನೊಂದು ಮಾತು. 18 ತುಂಬದವಳಾದರೆ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಪೋಕ್ಸೋ ಬರುತ್ತದೆ. ಸಾಗಿಸಿ ತಂದವಳೆಂದು ಗೊತ್ತಿದ್ದೂ, ಅಥವಾ ಹಾಗೆ ನಂಬಲು ಕಾರಣವಿದ್ದೂ ಬಳಸಿಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 144ನೇ ಕಲಮು ಇದೆ: ವಯಸ್ಕಳಾದರೆ 3ರಿಂದ 7 ವರ್ಷ, ಮಗುವಾದರೆ 5ರಿಂದ 10. ಇಲ್ಲಿ ಗಿರಾಕಿಗೆ ಕಠಿಣ ಶಿಕ್ಷೆಯಾಗಬೇಕು ಎಂಬುದರಲ್ಲಿ ಸ್ತ್ರೀವಾದಿಗಳ ನಡುವೆ ಜಗಳವಿಲ್ಲ.

ಪ್ರಶ್ನೆ: ನಮ್ಮ ಸಂಬಂಧಿ ಹೆಂಗಸೊಬ್ಬಳನ್ನು ದಾಳಿಯಲ್ಲಿ ಕರೆದೊಯ್ದಿದ್ದಾರೆ. ವಯಸ್ಸು 29. ವಾಪಸ್ ಕರೆತರುವುದು ಹೇಗೆ? (ಉಪ್ಪಳ)

ಮೊದಲು ಎಫ್‌ಐಆರ್ ಪ್ರತಿ ತರಿಸಿ ಅವಳ ಹೆಸರು ಎಲ್ಲಿದೆ ನೋಡಿ, ಆರೋಪಿಯೋ ಸಂತ್ರಸ್ತೆಯೋ ಎಂದು. ಮುಂದಿನ ದಾರಿ ಎರಡಕ್ಕೂ ಬೇರೆ. ಆರೋಪಿಯಾದರೆ ಜಾಮೀನು ಅರ್ಜಿ. ಸಂತ್ರಸ್ತೆ ಎಂದಿದ್ದರೆ ಜಾಮೀನಿನ ಮಾತು ಬರುವುದಿಲ್ಲ. 17ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುತ್ತದೆ. ಬಹಳ ಮನೆಯವರು ತಪ್ಪುವುದು ಇಲ್ಲಿಯೇ. ಸಂತ್ರಸ್ತೆ ಎಂದಮೇಲೆ ತಾನಾಗಿಯೇ ಬಿಡುತ್ತಾರೆ ಎಂದು ಕಾಯುತ್ತಾರೆ. ವಿಚಾರಣೆ ಮುಗಿಯುವವರೆಗೆ 3 ವಾರದ ತನಕ ಸುರಕ್ಷಿತ ವಶದಲ್ಲಿ ಇಡಬಹುದು, ಆಮೇಲೆ ಒಂದರಿಂದ 3 ವರ್ಷ ರಕ್ಷಣಾಗೃಹಕ್ಕೆ ಕಳುಹಿಸಿ ಆದೇಶವೂ ಆಗಬಹುದು.

ಆದ್ದರಿಂದ ಆ ಮೂರು ವಾರದೊಳಗೇ ಅರ್ಜಿ ಕೊಡಿ. ವಯಸ್ಸಿನ ದಾಖಲೆ, ಅಂದರೆ ಶಾಲೆಯ ಸರ್ಟಿಫಿಕೇಟ್ ಅಥವಾ ಜನನ ಪ್ರಮಾಣಪತ್ರ, ಮತ್ತು ಮನೆಯ ವಿಳಾಸದ ದಾಖಲೆ ಜೊತೆಗಿರಲಿ. ತಾನು ವಯಸ್ಕಳು, ಸ್ವಂತ ಇಚ್ಛೆಯಿಂದ ಇಂಥಲ್ಲಿಗೆ ಹೋಗಬಯಸುತ್ತೇನೆ ಎಂದು ಅವಳೇ ಕೋರ್ಟಿನಲ್ಲಿ ಹೇಳಬೇಕು. ನೀವು ಹೇಳಿದರೆ ಸಾಲದು. 2020ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಇದೇ ನೆಲೆಯಲ್ಲಿ ಮೂವರು ವಯಸ್ಕ ಹೆಂಗಸರನ್ನು ಬಿಡುಗಡೆ ಮಾಡಿತು, ಆ ತೀರ್ಪನ್ನು ವಕೀಲರಿಗೆ ನೆನಪಿಸಿ. ರಕ್ಷಣಾಗೃಹದ ಆದೇಶ ಆಗಿಹೋಗಿದ್ದರೆ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ.

ವಕೀಲರ ಖರ್ಚಿಗೆ ಹೆದರಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಇದೆ. ಕಾಸರಗೋಡು ವಿದ್ಯಾನಗರದ ಕೋರ್ಟು ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಲಯಾಳ ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಅರ್ಜಿ ಬರೆದು ಕೊಡಿ. ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ನಮ್ಮ ಜಿಲ್ಲೆಯ ಕನ್ನಡಿಗರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದಲೇ ಇದೆ. ದಾಳಿಯಲ್ಲಿ ಇಬ್ಬರು ಮಹಿಳಾ ಪೊಲೀಸರು ಇದ್ದರೇ, ಸ್ಥಳೀಯ ಪಂಚರಲ್ಲಿ ಒಬ್ಬ ಹೆಂಗಸಾದರೂ ಇದ್ದಳೇ ಎಂದು ಅವಳನ್ನು ಕೇಳಿ ಬರೆದಿಟ್ಟುಕೊಳ್ಳಿ, 15ನೇ ಕಲಮು ಇವೆರಡನ್ನೂ ಕೇಳುತ್ತದೆ. ಅವಳಿಗೆ ಮಕ್ಕಳಿದ್ದರೆ ಇವತ್ತು ರಾತ್ರಿ ಅವರು ಯಾರ ಬಳಿ ಇರುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಿ.