‘ಕೋರ್ಸ್ ಬಿಟ್ರೆ ನಾನು ಇಲ್ಲಿಯವನೇ ಆಗಿಬಿಡ್ತೀನಿ ಮೇಡಂ’

ತೋಟಕ್ಕೆ ವಾಪಸ್ ಬಂದ ಮಕ್ಕಳ ಪ್ರಕರಣಗಳು ಕೊಡಗಿನಲ್ಲಿ ಆಪ್ತಸಲಹೆಗಾರರಾಗಿ ಕೂತ ನನ್ನಂಥವರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ ಕೆಲಸ, ಊರಲ್ಲಿ ಕಾಫಿ ತೋಟ. ಅಪ್ಪನಿಗೆ ಏನೋ ಆಗುತ್ತದೆ, ಮಗ ಬರುತ್ತಾನೆ. ಬಂದ ಕೆಲವೇ ತಿಂಗಳಲ್ಲಿ ಒಂದು ಆನ್‌ಲೈನ್ ಕೋರ್ಸಿಗೆ ಸೇರುತ್ತಾನೆ. ಎಂಬಿಎ, ಡೇಟಾ ಸೈನ್ಸ್, ಏನೋ ಒಂದು. ಆಮೇಲೆ ನಿದ್ದೆ ಕೆಡುತ್ತದೆ, ಮನೆಯವರ ಜೊತೆ ಮಾತು ಕಡಿಮೆಯಾಗುತ್ತದೆ. ಕೊನೆಗೆ ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಒಂದೇ: ಮುಂದುವರಿಸಲಾ, ಬಿಡಲಾ?

ಈ ಸಲದ ವಿಷಯ ಮಾತ್ರ ಸ್ವಲ್ಪ ಬೇರೆ. ಪವನ ವಿದ್ಯುತ್ ಇಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ಜರ್ಮನಿಯ ಒಂದು ವಿಶ್ವವಿದ್ಯಾಲಯದಿಂದ, ಪೂರ್ತಿ ಆನ್‌ಲೈನ್. ಸೋಮವಾರಪೇಟೆ ತಾಲ್ಲೂಕಿನ ಹುಡುಗ, ಮೂವತ್ತರ ಹತ್ತಿರದ ವಯಸ್ಸು, ಮೆಕ್ಯಾನಿಕಲ್ ಓದಿದವರು. ಗೇರ್‌ಬಾಕ್ಸ್ ವಿನ್ಯಾಸದ ಕೆಲಸದಲ್ಲಿದ್ದರು. ಕರಿಮೆಣಸು ಕೊಯ್ಯುವಾಗ ಅಪ್ಪ ಏಣಿಯಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮಗ ಬಂದರು, ಹಾಗೇ ಉಳಿದರು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೊದಲ ಭೇಟಿಗಳಲ್ಲಿ ಮಾತೆಲ್ಲ ಬರೀ ಲೆಕ್ಕ. ಎಷ್ಟು ಅಸೈನ್‌ಮೆಂಟ್ ಬಾಕಿ, ಎಷ್ಟು ಫೀಸು ಹೋಯಿತು, ಯಾವ ಪರೀಕ್ಷೆ ತಪ್ಪಿತು. ‘ನನ್ನಿಂದ ಆಗಲ್ಲ ಅಂತ ಕಾಣುತ್ತೆ, ಓದುವ ತಲೆ ಹೋಯ್ತು’ ಅಂದರು. ಪ್ರಾಣ ಕಳೆದುಕೊಳ್ಳುವ ಯೋಚನೆ ಏನಾದರೂ ಇದೆಯಾ ಎಂದು ನೇರವಾಗಿಯೇ ಕೇಳಿದೆ. ಇರಲಿಲ್ಲ. ನಿದ್ದೆಗೆ ಒಬ್ಬ ಡಾಕ್ಟರರ ಹತ್ತಿರ ಕಳಿಸಿದೆ.

ಮುಂದಿನ ಸಲ ಬಂದಾಗ ಕೋರ್ಸಿನ ಕ್ಯಾಲೆಂಡರನ್ನೂ ತೋಟದ ಕ್ಯಾಲೆಂಡರನ್ನೂ ಪಕ್ಕಪಕ್ಕ ಬರೆಸಿದೆ. ಅಲ್ಲಿನ ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್‌ನಿಂದ ಮಾರ್ಚ್. ನಮ್ಮಲ್ಲಿ ಅದೇ ಹೊತ್ತಿಗೆ ಅರೇಬಿಕಾ ಕಾಫಿಯ ಕೊಯ್ಲು, ಅದು ಮುಗಿಯುವ ಹೊತ್ತಿಗೆ ಇನ್ನೊಂದು ತಳಿ ರೋಬಸ್ಟಾ, ಆಮೇಲೆ ಗಿಡ ಹೂ ಬಿಡಲು ಸ್ಪ್ರಿಂಕ್ಲರ್ ನೀರು. ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ಐದಕ್ಕೆ ಕ್ಲಾಸ್ ಅಂದ್ರೆ ಇಲ್ಲಿ ರಾತ್ರಿ ಒಂಬತ್ತೂವರೆ. ಹಣ್ಣು ತೂಕ ಹಾಕಿ, ಆಳುಗಳ ಲೆಕ್ಕ ಬರೆದು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಮುಗಿಸುವ ಹೊತ್ತು. ಬೇಸಿಗೆ ಸೆಮಿಸ್ಟರ್ ಏಪ್ರಿಲ್‌ನಿಂದ ಸೆಪ್ಟೆಂಬರ್. ಜೂನ್ ದಾಟಿದರೆ ನಮ್ಮಲ್ಲಿ ಮರ ಬಿದ್ದು ಲೈನ್ ಹೋಯಿತು ಅಂದ್ರೆ ಕರೆಂಟ್ ಬರೋದು ಯಾವಾಗಲೋ. ಯುಪಿಎಸ್ ಸತ್ತ ಮೇಲೆ ವೈಫೈ ಎಲ್ಲಿಂದ ಬರಬೇಕು? ಆ ಹಾಳೆಯನ್ನು ಅವರು ಸುಮಾರು ಹೊತ್ತು ನೋಡಿದರು. ‘ತಲೆ ಹೋಗಿಲ್ಲ ಹಾಗಾದ್ರೆ’ ಅಂತ ಸಣ್ಣಗೆ ನಕ್ಕರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಇದು ಟೈಮ್‌ಟೇಬಲ್ ಸಮಸ್ಯೆಯಾಗಿ ಮುಗಿಯುತ್ತಿತ್ತು. ಆದರೆ ವೇಳೆ ಸರಿಹೋದರೂ ಇವರು ಓದಲಾರರು ಅಂತ ನನಗೆ ಅನ್ನಿಸುತ್ತಿತ್ತು. ಅದಕ್ಕೇ ಕೇಳಿದೆ, ‘ಓದ್ತಾ ಇರೋದನ್ನ ನನಗೆ ಒಂಚೂರು ಪಾಠ ಮಾಡಿ. ನನಗೆ ಫಿಸಿಕ್ಸ್ ಬರಲ್ಲ, ನಿಧಾನಕ್ಕೆ ಹೇಳಿ.’

ಪೆನ್ನು ತಗೊಂಡರು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತೆ ಅಂದರು. ಅದಕ್ಕೇ ಜಾಗ ಆರಿಸುವುದರಲ್ಲಿ ಸ್ವಲ್ಪ ತಪ್ಪಿದರೂ ಭಾರೀ ನಷ್ಟ ಅಂತೆ. ಎಷ್ಟೇ ಒಳ್ಳೆಯ ಯಂತ್ರವಾದರೂ ಗಾಳಿಯ ಶಕ್ತಿಯಲ್ಲಿ ನೂರಕ್ಕೆ 59.3ಕ್ಕಿಂತ ಹೆಚ್ಚು ತೆಗೆಯಲಾಗುವುದಿಲ್ಲ, ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ ಲೆಕ್ಕ ಹಾಕಿದ್ದು ಅಂತ ಹೇಳಿದರು. ‘ಪೂರ್ತಿ ಹಿಡಿದುಬಿಟ್ರೆ ಗಾಳಿ ರೆಕ್ಕೆ ಹಿಂದೆ ನಿಂತೇ ಹೋಗುತ್ತೆ ಮೇಡಂ. ನಿಂತ್ರೆ ಮುಂದಿನ ಗಾಳಿ ಬರೋಕೆ ಜಾಗ ಎಲ್ಲಿ?’ ನನ್ನಂಥವರಿಗೆ ಇಂಥ ಮಾತಿನಲ್ಲಿ ನೀತಿ ಹುಡುಕುವ ಚಟ. ಸುಮ್ನಿದ್ದೆ.

‘ನಮ್ಮ ಬೆಟ್ಟಗಳ ಮೇಲೆ ಅಷ್ಟು ಗಾಳಿ ಬೀಸುತ್ತಲ್ಲಾ, ಗಾಳಿಯಂತ್ರ ಇಲ್ಲೇ ಯಾಕೆ ಹಾಕಲ್ಲ?’ ಅಂದೆ.

‘ಬೀಸುತ್ತೆ, ಆದ್ರೆ ಜಾಸ್ತಿ ಮಳೆಗಾಲದಲ್ಲೇ. ಅದೂ ನೆಟ್ಟಗೆ ಬರಲ್ಲ. ಕಾಡಿಗೆ, ಕಣಿವೆಗೆ ಬಡಿದು ಸುಳಿ ಸುಳಿಯಾಗಿ ಬರುತ್ತೆ. ಅಂಥ ಗಾಳಿ ಬ್ಲೇಡು, ಗೇರ್‌ಬಾಕ್ಸ್ ಎರಡನ್ನೂ ತಿಂದುಹಾಕುತ್ತೆ. ಐವತ್ತು ಅರವತ್ತು ಮೀಟರಿನ ಬ್ಲೇಡನ್ನ ನಮ್ಮ ತಿರುವಲ್ಲಿ ಲಾರಿ ಹೇಗೆ ತರುತ್ತೆ? ಕಾಡು ಕಡಿಯೋದು ಬೇರೆ. ಚಿತ್ರದುರ್ಗ, ಗದಗದ ಬೋಳು ಗುಡ್ಡಗಳೇ ಇದಕ್ಕೆ ಸರಿ.’

ಅಷ್ಟು ಹೊತ್ತು ಬಗ್ಗಿ ಕೂತಿದ್ದವರು ನೆಟ್ಟಗಾಗಿದ್ದರು. ‘ಇಷ್ಟು ಚೆನ್ನಾಗಿ ಹೇಳ್ತೀರಲ್ಲ, ಮನೆಯಲ್ಲಿ ಹೇಳಿದ್ದೀರಾ?’ ಅಂತ ಕೇಳಿದೆ. ಪೆನ್ನು ಕೆಳಗಿಟ್ಟರು. ಕೋರ್ಸಿಗೆ ಸೇರಿರುವುದೇ ಅಪ್ಪನಿಗೆ ಗೊತ್ತಿಲ್ಲವಂತೆ. ಅವ್ವನಿಗೆ ‘ಆಫೀಸಿನ ಹಳೇ ಕೆಲಸ’ ಎಂದಿದ್ದಾರಂತೆ. ಯಾಕೆ ಮುಚ್ಚಿಟ್ಟಿರಿ ಅಂದೆ.

‘ಹೇಳಿದ್ರೆ ಅಪ್ಪ ಬಿಡು ಅನ್ನಲ್ಲ. ಅದೇ ಕಷ್ಟ. ಹೋಗು, ತೋಟ ಹೇಗೋ ಆಗುತ್ತೆ ಅಂತಾರೆ. ಹೋಗೋಕೂ ಆಗಲ್ಲ ನಂಗೆ. ಕೋರ್ಸ್ ಬಿಟ್ರೆ ನಾನು ಇಲ್ಲಿಯವನೇ ಆಗಿಬಿಡ್ತೀನಿ ಮೇಡಂ.’

ಅವತ್ತು ಉಳಿದ ಸಮಯವೆಲ್ಲ ಆ ಒಂದು ಮಾತಿನ ಮೇಲೆಯೇ ಹೋಯಿತು. ಓದು ಅವರಿಗೆ ಇಷ್ಟ, ಅದು ಸುಳ್ಳಲ್ಲ. ಆದರೆ ಅದೇ ಓದಿನ ಮೇಲೆ ಇನ್ನೊಂದು ಭಾರವನ್ನೂ ಹೇರಿದ್ದರು. ಕೋರ್ಸ್ ಇರುವವರೆಗೆ ತೋಟದಲ್ಲಿ ಇರ್ತೀನಾ, ಹೋಗ್ತೀನಾ ಅಂತ ತೀರ್ಮಾನಿಸಬೇಕಿಲ್ಲ. ಮುಗಿಸಿದರೆ ಹೋಗಬೇಕು, ಬಿಟ್ಟರೆ ಇರಬೇಕು. ಅದಕ್ಕೇ ಮುಗಿಸಲೂ ಇಲ್ಲ, ಬಿಡಲೂ ಇಲ್ಲ.

ಆಪ್ತಸಲಹೆಗಾರರು ‘ಹೀಗೆ ಮಾಡಿ’ ಅನ್ನಬಾರದು ಎಂದು ನಮಗೆ ಕಲಿಸುತ್ತಾರೆ. ಗೊತ್ತು. ಆದರೂ ನಾನು ಹೇಳಿದೆ, ಯಾಕೆ ಅಂತಲೂ ಹೇಳುತ್ತೇನೆ. ಇವರ ನೋವಿನಲ್ಲಿ ಅರ್ಧ ಮಾಹಿತಿ ಇಲ್ಲದ್ದರಿಂದ, ಅರ್ಧ ಮಾತಾಡದ್ದರಿಂದ. ಮಾಹಿತಿ ಸಿಗುವ ಕಡೆ ‘ನಿಮಗೆ ಏನನ್ನಿಸುತ್ತೆ?’ ಎಂದು ಕೇಳುತ್ತಾ ಕೂರುವುದು ನನ್ನ ಪ್ರಕಾರ ಸೋಮಾರಿತನ. ಇದನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ, ಇರಲಿ.

ನಾನು ಕೊಟ್ಟ ಸಲಹೆ ಇಷ್ಟು. ಮೊದಲು, ಎರಡು ತೀರ್ಮಾನಗಳನ್ನು ಬೇರೆ ಬೇರೆ ಮಾಡಿ. ತೋಟದಲ್ಲೇ ಇದ್ದುಕೊಂಡೂ ಈ ಪದವಿ ಮುಗಿಸಬಹುದು. ಪದವಿ ಬಿಟ್ಟೂ ಊರು ಬಿಡಬಹುದು. ಹಾಗೆ ಮಾಡಿದವರು ಬೇಕಾದಷ್ಟು ಜನ. ಆಮೇಲೆ ಅಪ್ಪನಿಗೆ ಹೇಳಿ, ಆದರೆ ‘ಹೋಗಲಾ?’ ಎಂದು ಅಪ್ಪಣೆ ಕೇಳಬೇಡಿ. ‘ವಾರದಲ್ಲಿ ಇಂಥ ಎರಡು ರಾತ್ರಿ ನನಗೆ ಕ್ಲಾಸ್, ಅವತ್ತು ಹಣ್ಣಿನ ತೂಕವನ್ನು ಮೇಸ್ತ್ರಿ ನೋಡಿಕೊಳ್ಳಲಿ’ ಅಂತಷ್ಟೇ ಹೇಳಿ. ಹಜಾರದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಮೇಜು ಹಾಕಿ ಓದಿ. ಕದ್ದು ಓದಿದರೆ ಎರಡು ಪಟ್ಟು ಸುಸ್ತು. ವಿಶ್ವವಿದ್ಯಾಲಯಕ್ಕೆ ಮನೆಯ ಪರಿಸ್ಥಿತಿ ಬರೆದು, ಸೆಮಿಸ್ಟರಿಗೆ ಒಂದೇ ವಿಷಯ ತಗೊಳ್ಳಬಹುದಾ, ಒಂದು ಸೆಮಿಸ್ಟರ್ ರಜೆ ಸಿಗುತ್ತಾ ಎಂದು ಕೇಳಿ. ಕೆಲಸದಲ್ಲಿರುವವರಿಗೇ ಮಾಡಿದ ಕೋರ್ಸ್ ಅದು. ಇಂಥ ಪತ್ರ ಅವರಿಗೆ ಹೊಸದಲ್ಲ. ಇನ್ನೊಂದು ಮಾತು: ಗೇರ್‌ಬಾಕ್ಸ್ ವಿನ್ಯಾಸ ಮಾಡಿದ ಈ ಇಂಜಿನಿಯರ್, ಓಡುತ್ತಿರುವ ಗಾಳಿಯಂತ್ರದ ಬುಡದಲ್ಲಿ ಒಮ್ಮೆಯೂ ನಿಂತಿರಲಿಲ್ಲ! ಕೊಯ್ಲಿಗೆ ಮೊದಲು ಚಿತ್ರದುರ್ಗಕ್ಕೆ ಹೋಗಿ ಬನ್ನಿ ಅಂದೆ.

ಈ ಕಡೆಗೆ ಹೊರಟಿರುವ ಬೇರೆಯವರಿಗೂ ಒಂದೆರಡು ಮಾತು, ಯಾಕಂದ್ರೆ ಫೀಸು ಕಟ್ಟಿದ ಮೇಲೆ ಬರುವವರೇ ಜಾಸ್ತಿ. ಜರ್ಮನಿ, ಡೆನ್ಮಾರ್ಕ್‌ಗಳ ಇಂಥ ಕೋರ್ಸುಗಳು ಪದವಿಯ ಜೊತೆ ಕೆಲಸದ ಅನುಭವವನ್ನೂ ಕೇಳುತ್ತವೆ. ಈಗಷ್ಟೇ ಬಿಇ ಮುಗಿಸಿದವರು ಅದನ್ನು ನೋಡಿಕೊಳ್ಳಿ. ಸರ್ಕಾರಿ ಕೆಲಸದ ಆಸೆ ಇದ್ದರೆ, ಆನ್‌ಲೈನ್ ವಿದೇಶಿ ಪದವಿಗೆ ಇಲ್ಲಿ ಮಾನ್ಯತೆ ಇದೆಯಾ ಎಂದು ಮೊದಲೇ ಬರಹದಲ್ಲಿ ಉತ್ತರ ತರಿಸಿಕೊಳ್ಳಿ. ಏಜೆಂಟರ ಮಾತು ಉತ್ತರವಲ್ಲ. ಟವರ್ ಹತ್ತಿ ರಿಪೇರಿ ಮಾಡುವ ಕೆಲಸಕ್ಕೆ ಸ್ನಾತಕೋತ್ತರ ಪದವಿ ಬೇಕಿಲ್ಲ, ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷತಾ ತರಬೇತಿ ಬೇಕು. ವಿಷಯ ಹಿಡಿಸುತ್ತದಾ ಎಂದೇ ಗೊತ್ತಿಲ್ಲದಿದ್ದರೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಪಾಠ ಬಿಟ್ಟಿ, ಪರೀಕ್ಷೆಗೆ ಮಾತ್ರ ಶುಲ್ಕ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ ಸಣ್ಣ ಅವಧಿಯ ತರಬೇತಿಗಳನ್ನು ನಡೆಸುತ್ತದೆ. ಲಕ್ಷಗಟ್ಟಲೆ ಕಟ್ಟುವ ಮೊದಲು ಇಲ್ಲಿ ಕೈ ಹಾಕಿ ನೋಡಬಹುದು, ಅಲ್ವಾ?

ಆ ಹುಡುಗ ಅಪ್ಪನಿಗೆ ಹೇಳಿದರು. ‘ಅಷ್ಟೇನಾ! ರಾತ್ರಿಯೆಲ್ಲ ಬಾಗಿಲು ಹಾಕ್ಕೊಂಡು ಕೂರ್ತಿದ್ದೆ, ಆನ್‌ಲೈನ್ ರಮ್ಮಿಗೆ ಬಿದ್ದು ಸಾಲ ಮಾಡ್ಕೊಂಡಿದ್ದೀಯ ಅಂದ್ಕೊಂಡಿದ್ದೆ ಕಣಪ್ಪಾ’ ಅಂದರಂತೆ ಅಪ್ಪ. ವಿಶ್ವವಿದ್ಯಾಲಯ ಒಂದೇ ವಿಷಯ ತಗೊಳ್ಳಲು ಒಪ್ಪಿದೆ. ತೋಟದ ವಿಷಯ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ರೋಬಸ್ಟಾ ಕೊಯ್ಲು ಮುಗಿಯುವವರೆಗೆ ಅದನ್ನು ಎತ್ತುವುದು ಬೇಡ ಅಂತ ಅಪ್ಪ ಮಗ ಮಾತಾಡಿಕೊಂಡಿದ್ದಾರೆ.