‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟ ಕೋಚ್

ಆಪ್ತಸಲಹೆಗೆಂದು ನನ್ನ ಹತ್ತಿರ ಮೊದಲ ದಿನ ಬಂದಾಗ ಅವರ ಕೈಯಲ್ಲಿ ಒಂದು ಜೆರಾಕ್ಸ್ ಹಾಳೆ ಇತ್ತು. ತಮ್ಮದೇ ರಾಜೀನಾಮೆ ಪತ್ರದ ಪ್ರತಿ. ಬರೀ ನಾಲ್ಕು ಸಾಲು. ‘ವೈಯಕ್ತಿಕ ಕಾರಣಗಳಿಂದ ಈ ಕೆಲಸದಲ್ಲಿ ಮುಂದುವರಿಯಲು ಆಗುತ್ತಿಲ್ಲ’ ಎಂದು ಬರೆದಿತ್ತು. ಅದನ್ನು ಮೇಜಿನ ಮೇಲಿಟ್ಟು, “ಇದು ಖರೇನೂ ಅದ ಮೇಡಂ, ಸುಳ್ಳೂ ಅದ” ಅಂದರು. ಆಮೇಲೆ ಇಪ್ಪತ್ತು ನಿಮಿಷ ತಮ್ಮ ಸೊಂಟನೋವಿನ ಬಗ್ಗೆ ಮಾತಾಡಿದರು.

ಕಲಬುರಗಿಯ ಒಂದು ಕಾಲೇಜಿನಲ್ಲಿ ಅವರು 13 ವರ್ಷ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಇಲ್ಲಿ ಅವರನ್ನು ಕೋಚ್ ಸರ್ ಅಂತಲೇ ಕರೆಯುತ್ತೇನೆ. ಅವರ ಒಪ್ಪಿಗೆ, ಈ ಕಥೆಯಲ್ಲಿ ಬರುವ ಹುಡುಗನ ಒಪ್ಪಿಗೆ, ಎರಡನ್ನೂ ಪಡೆದೇ ಬರೆಯುತ್ತಿದ್ದೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಆಟವನ್ನು ಮಾತ್ರ ಬದಲಿಸಿಲ್ಲ. ಬದಲಿಸಿದರೆ ಅವರ ಸಂಕಟವೇ ಅರ್ಥವಾಗುವುದಿಲ್ಲ.

ಅವರು ಕೆಲಸ ಬಿಟ್ಟದ್ದು ದೀಪಾವಳಿ ಆದಮೇಲೆ. ನನ್ನ ಹತ್ತಿರ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಆ ಎರಡು ತಿಂಗಳಲ್ಲಿ ಊರು ಅವರ ಪರವಾಗಿ ಹತ್ತು ಕಾರಣ ಹುಡುಕಿಬಿಟ್ಟಿತ್ತು. ಹೈದರಾಬಾದಿನಲ್ಲಿ ದೊಡ್ಡ ಸಂಬಳದ ಕೆಲಸ ಸಿಕ್ಕಿದೆಯಂತೆ. ಆಡಳಿತ ಮಂಡಳಿಯವರ ಜೊತೆ ಜಗಳವಂತೆ. ಜಾತಿ ರಾಜಕೀಯವಂತೆ. ಸೂಪರ್ ಮಾರ್ಕೆಟ್‌ನಲ್ಲಿ ಕಾಯಿಪಲ್ಲೆ ತರಲು ಹೋದರೂ ಯಾರಾದರೂ ಒಬ್ಬರು “ಯಾಕ್ ಬಿಟ್ರಿ ಸರ್?” ಎಂದು ನಿಲ್ಲಿಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಟ್ಟು ಅವರಿಗೇ ಸಾಕಾಗಿತ್ತು. ಹೆಂಡತಿಗೆ ಕೊಟ್ಟ ಉತ್ತರವೂ ಅಂಥದ್ದೇ: “ಸಾಕಾತು, ಬ್ಯಾಸರಾತು.”

ನಾನೂ ಆ ಉತ್ತರವನ್ನೇ ನಂಬಿದೆ. ಕೆಲಸದ ಒತ್ತಡದಿಂದ ಬರುವ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿಕೊಂಡ ತನ್ನ ರೋಗಗಳ ಪಟ್ಟಿಯಲ್ಲಿ ಬರೆದಿದೆ. ಆದರೂ ಅದು ಕಾಯಿಲೆಯಲ್ಲ, ಕೆಲಸಕ್ಕೆ ಅಂಟಿದ ಸ್ಥಿತಿ ಎನ್ನುತ್ತದೆ. ಅದಕ್ಕೆ ಮೂರು ಗುರುತುಗಳಿವೆ. ಶಕ್ತಿ ಪೂರ್ತಿ ಬಸಿದುಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಏನು ಮಾಡಿದರೂ ಕೈ ಹತ್ತುತ್ತಿಲ್ಲ ಅನ್ನಿಸುವುದು. ಕೋಚ್ ಸರ್ ಮೂರಕ್ಕೂ ತಲೆ ಆಡಿಸಿದರು. ಎರಡು ಭೇಟಿ ಪೂರ್ತಿ ನಾವು ವಿಶ್ರಾಂತಿ, ನಿದ್ದೆ, ಮುಂದಿನ ಕೆಲಸ ಅಂತಲೇ ಮಾತಾಡಿದೆವು. ಅದು ತಪ್ಪು ದಾರಿ. ಅವರು ಸುಮ್ಮನೆ ಒಪ್ಪುತ್ತಿದ್ದುದೇ ನನಗೆ ಸುಳಿವಾಗಬೇಕಿತ್ತು.

ಮೂರನೇ ಸಲ ಅವರ ಹೆಂಡತಿಯೂ ಬಂದರು. ಅವರು ಹೇಳಿದ ಒಂದು ಮಾತು ನನ್ನ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. “ಇವರು ಈಗೂ ಮುಂಜಾನೆ ನಾಕೂವರಿಗೆ ಏಳ್ತಾರ್ರಿ. ಬೂಟ್ ಹಾಕೊಂಡು, ಲೇಸ್ ಕಟ್ಟಿ ಕಟ್ಟಿಮ್ಯಾಲ ಕುಂದರ್ತಾರ. ಎಲ್ಲಿಗೂ ಹೋಗಂಗಿಲ್ಲ. ಬಿಸಲು ಬಂದಮ್ಯಾಲ ಬಿಚ್ತಾರ.”

ಕೆಲಸದಿಂದ ಬೇಸತ್ತವರು ಬೂಟು ಹಾಕಿಕೊಂಡು ಕೂರುವುದಿಲ್ಲ ಅಲ್ವಾ? ಈ ಮನುಷ್ಯನಿಗೆ ಆಟದ ಮೇಲಿನ ಪ್ರೀತಿ ಒಂದು ಚೂರೂ ಕಮ್ಮಿ ಆಗಿರಲಿಲ್ಲ. ಹೆಂಡತಿ ಇನ್ನೊಂದು ವಿಷಯವನ್ನೂ ಹೇಳಿದರು. ಊರಿಗೆ ಹೋದಾಗ ಅತ್ತೆ ಒಲೆಗೆ ತೊಗರಿಕಟ್ಟಿಗೆ ಮುರಿಯಲು ಕೂತರೆ ಇವರು ಎದ್ದು ಹೊರಗೆ ಹೋಗುತ್ತಾರಂತೆ. ನಾನು ಕೋಚ್ ಸರ್ ಮುಖ ನೋಡಿದೆ. ಅವರು ಮುಖ ಮುಚ್ಚಿಕೊಂಡಿದ್ದರು.

ಆ ದಿನ ಹೊರಬಂದದ್ದು ಇಷ್ಟು. ಅಕ್ಟೋಬರಿನಲ್ಲಿ ಅಂತರಕಾಲೇಜು ಪಂದ್ಯಾವಳಿ. ಒಂದೇ ದಿನ ಬೆಳಿಗ್ಗೆ ಸೆಮಿಫೈನಲ್, ಸಂಜೆ ಫೈನಲ್. ಆಡುವುದು ಸಿಮೆಂಟ್ ಕೋರ್ಟಿನ ಮೇಲೆ. ತಂಡದ ಮುಖ್ಯ ಆಟಗಾರ 19ರ ಹುಡುಗ. ಜೇವರ್ಗಿ ಕಡೆಯ ಹಳ್ಳಿಯವನು, ಅಪ್ಪನದು ಎರಡೆಕರೆ ತೊಗರಿ ಹೊಲ. ಬೆಳಿಗ್ಗೆಯ ಆಟದಲ್ಲೇ ಅವನ ಮೊಣಕಾಲು ಹೊರಳಿತ್ತು. ಮಧ್ಯಾಹ್ನದ ಹೊತ್ತಿಗೆ ಊದಿತ್ತು. ಕೋಚ್ ಸರ್ ಐಸ್ ಹಾಕಿ, ಪಟ್ಟಿ ಸುತ್ತಿ, ಫೈನಲ್‌ನಲ್ಲಿ ಅವನನ್ನು ಬೆಂಚಿನ ಮೇಲೆ ಕೂರಿಸಿದರು.

ಆಟವನ್ನು ಯಾಕೆ ಬದಲಿಸಲಿಲ್ಲ ಅಂದೆನಲ್ಲ, ಅದಕ್ಕೆ ಕಾರಣ ಇಲ್ಲಿದೆ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಐದು ಮಂದಿ ಒಳಗೆ ಆಡುತ್ತಾರೆ, ಉಳಿದವರು ಬೆಂಚಿನಲ್ಲಿರುತ್ತಾರೆ. ಹೊರಗೆ ಕರೆದವನನ್ನು ಮತ್ತೆ ಒಳಗೆ ಕಳಿಸಬಹುದು. ಎಷ್ಟು ಸಲ ಬೇಕಾದರೂ. ಅಂದರೆ ಕೋಚ್ ಒಂದು ಸಲ ಸರಿಯಾದ ತೀರ್ಮಾನ ಮಾಡಿದರೆ ಮುಗಿಯುವುದಿಲ್ಲ. ಹತ್ತತ್ತು ನಿಮಿಷದ ನಾಲ್ಕು ಕ್ವಾರ್ಟರ್ ಪೂರ್ತಿ, ಆಟ ನಿಂತಾಗಲೆಲ್ಲ ಅದೇ ತೀರ್ಮಾನವನ್ನು ಮತ್ತೆ ಮಾಡುತ್ತಿರಬೇಕು. ಕೋಚ್ ಸರ್ ಮೂರು ಕ್ವಾರ್ಟರ್ ತಡೆದುಕೊಂಡರು. ನಾಲ್ಕನೆಯದರಲ್ಲಿ ಮೂರು ನಿಮಿಷ ಉಳಿದಿತ್ತು. ಎರಡು ಪಾಯಿಂಟ್ ಹಿಂದೆ ಇದ್ದರು. ಕಾಲೇಜಿನ ಹಿರಿಯರು ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

“ಆಡ್ತೀಯೇನೋ ಅಂತ ಕೇಳ್ದೆ. ಹೂಂ ಸರ್ ಅಂದ. ಅಂವ ಮತ್ತೇನಂತಾನ್ರಿ? ಅಂವನ ಮೊದಲನೇ ಬೂಟ್ ನಾ ಕೊಡ್ಸಿದ್ದು. ನಾ ಕೇಳಿದ್ರ ಇಲ್ಲ ಅಂತಾನೇನ್ರಿ?”

ರಿಬೌಂಡಿಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹುಡುಗ ಜಿಗಿದು ಇಳಿಯುವಾಗ ಕಾಲು ಊರಿತು, ಮೈ ತಿರುಗಿತು. ಯಾರೂ ತಾಗಿರಲಿಲ್ಲ. ಮೊಣಕಾಲಿನೊಳಗಿನ ಎಸಿಎಲ್ ಎಂಬ ಕಟ್ಟು ಹರಿಯುವುದು ಬಹಳ ಸಲ ಹೀಗೇ. ಬೆಂಚಿನ ಹತ್ತಿರವೇ ಆದದ್ದರಿಂದ ಸದ್ದು ಕೋಚ್ ಸರ್‌ಗೂ ಕೇಳಿಸಿತು. ಒಣ ತೊಗರಿಕಟ್ಟಿಗೆ ಮುರಿದ ಹಾಗೆ.

ಆಮೇಲೆ ಎಲ್ಲರೂ ಅವರಿಗೆ ಹೇಳಿದ್ದು ಒಂದೇ: ನಿಮ್ಮ ತಪ್ಪೇನಿಲ್ಲ ಬಿಡ್ರಿ, ಆಟ ಅಂದ್ಮೇಲೆ ಆಗ್ತದ. ಪ್ರೀತಿಯಿಂದಲೇ ಹೇಳಿದರು. ಆದರೆ ಆ ಮಾತು ಅವರ ಬಾಯಿ ಕಟ್ಟಿಹಾಕಿತು. ತಪ್ಪಿಲ್ಲ ಎಂದು ಎಲ್ಲರೂ ತೀರ್ಪು ಕೊಟ್ಟ ಮೇಲೆ ‘ಊದಿದ್ದು ನಾನು ನೋಡಿದ್ದೆ’ ಎಂದು ಯಾರಿಗೆ ಹೇಳುವುದು? ಅದಕ್ಕೇ ರಾಜೀನಾಮೆ ಬರೆದರು. ತಮಗೆ ತಾವೇ ಶಿಕ್ಷೆ ಕೊಟ್ಟುಕೊಂಡರು, ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಸ್ಟೇಡಿಯಂ ರಸ್ತೆಯಲ್ಲಿ ಹೋಗುವುದನ್ನೂ ಬಿಟ್ಟರು. ಹುಡುಗನ ಮನೆಗೂ ಹೋಗಲಿಲ್ಲ.

ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಬಹಳ ಮಂದಿ ಹೆದರುತ್ತಾರೆ. ಹುಟ್ಟುವುದಿಲ್ಲ. ಕೇಳಿದ್ದರಿಂದ ಹಗುರಾಗುವವರೇ ಜಾಸ್ತಿ. “ಸಾಯಬೇಕಂತಿಲ್ರಿ. ಮುಂಜಾನೆ ಎಚ್ಚರ ಆಗಬಾರದು ಅನ್ನಿಸ್ತದ” ಅಂದರು. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆ ವಾರವೇ ಮನೋವೈದ್ಯರ ಹತ್ತಿರ ಕಳಿಸಿದೆ. ನಿದ್ದೆ ಸರಿಹೋಗಲು ಅವರು ಔಷಧ ಕೊಟ್ಟರು. 14416 ಸಂಖ್ಯೆಯನ್ನು ಗಂಡಹೆಂಡತಿ ಇಬ್ಬರ ಫೋನಿನಲ್ಲೂ ಹಾಕಿಸಿದೆ. ಅದು ಟೆಲಿ ಮಾನಸ್ ಸಹಾಯವಾಣಿ. 2022ರಲ್ಲಿ ಸರ್ಕಾರ ಶುರುಮಾಡಿದ್ದು, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ರಾತ್ರಿ ಎರಡು ಗಂಟೆಗೆ ನಾನು ಸಿಗುವುದಿಲ್ಲ, ಅವರು ಸಿಗುತ್ತಾರೆ.

ನಾಲ್ಕನೇ ಭೇಟಿಯಲ್ಲಿ ಒಂದು ಹಾಳೆಯ ಮೇಲೆ ರೊಟ್ಟಿಯಷ್ಟು ದೊಡ್ಡ ಗುಂಡು ಬರೆದೆ. “ಆ ದಿನ ಆದದ್ದರಲ್ಲಿ ಯಾರ್ಯಾರ ಪಾಲು ಎಷ್ಟು? ರೊಟ್ಟಿ ಮುರಿದು ಹಂಚಿ. ನಿಮ್ಮ ಪಾಲು ಕೊನೆಗೆ ಬರೆಯಿರಿ” ಅಂದೆ. ಕೊನೆಗೆ ಅನ್ನುವುದು ಮುಖ್ಯ. ಮೊದಲೇ ಬರೆಯಲು ಬಿಟ್ಟರೆ ಇಡೀ ರೊಟ್ಟಿಯನ್ನು ತಮ್ಮ ತಟ್ಟೆಗೇ ಹಾಕಿಕೊಳ್ಳುತ್ತಾರೆ. ಅವರು ನಿಧಾನಕ್ಕೆ ಬರೆದರು. ಒಂದೇ ದಿನಕ್ಕೆ ಎರಡು ಪಂದ್ಯ ಇಟ್ಟವರದು ಒಂದು ತುಂಡು. ಸಿಮೆಂಟ್ ನೆಲದ್ದು ಒಂದು. ತಂಡಕ್ಕೆ ಒಬ್ಬ ಫಿಸಿಯೋ ಇಲ್ಲದ್ದು ಒಂದು. ಕಪ್ ಬೇಕೇ ಬೇಕು ಎಂದು ಕೂತಿದ್ದ ಕುರ್ಚಿಗಳದು ಒಂದು. ನೋವು ಮುಚ್ಚಿಟ್ಟ ಹುಡುಗನದು ಅಂತ ಒಂದು ಸಣ್ಣ ತುಂಡು ಬರೆದು, ಹೊಡೆದುಹಾಕಿ, ಮತ್ತೆ ಬರೆದರು. ಕೊನೆಗೆ ಉಳಿದದ್ದು ಅರ್ಧಕ್ಕಿಂತ ಸ್ವಲ್ಪ ಕಮ್ಮಿ.

ನಾನು ಆಗ ಹೇಳಿದೆ: “ಇದು ನಿಮ್ಮದು. ಇದಕ್ಕಿಂತ ಜಾಸ್ತಿ ಹೊರಬೇಡಿ. ಆದರೆ ಇದನ್ನು ಬಿಡಲೂ ಬೇಡಿ. ಈಗ ಒಂದು ಪ್ರಶ್ನೆ. ನೀವು ರಾಜೀನಾಮೆ ಕೊಟ್ಟಿರಿ. ಅದರಿಂದ ಆ ಹುಡುಗನ ಮೊಣಕಾಲಿಗೆ ಏನು ಸಿಕ್ಕಿತು?”

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಪಿಎಫ್ ಹಣ ಬಂದಿದೆ, ಅದನ್ನು ಯಾರ ಕೈಲಾದರೂ ಹುಡುಗನ ಮನೆಗೆ ಕಳಿಸುತ್ತೇನೆ ಅಂದರು. ನಾನು ಬೇಡ ಅಂದೆ. ದುಡ್ಡು ಕೆಟ್ಟದ್ದು ಅಂತಲ್ಲ, ಆ ಮನೆಗೆ ಅದು ಬೇಕಿತ್ತು. ಆದರೆ ಮನುಷ್ಯ ಬರುವ ಮೊದಲು ದುಡ್ಡು ಬಂದರೆ, ಅದು ಬಾಯಿ ಮುಚ್ಚಿಸಲು ಬಂದ ಹಾಗೆ ಕಾಣುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಮೊದಲು ಹೆಂಡತಿಗೆ ಪೂರ್ತಿ ಹೇಳಿ, ಇವತ್ತು ರಾತ್ರಿಯೇ. ಆಮೇಲೆ ಹುಡುಗನ ಮನೆಗೆ ಹೋಗಿ, ಒಬ್ಬರೇ, ಹಣ್ಣಿನ ಬುಟ್ಟಿ ಹೂವು ಏನೂ ಬೇಡ. ಕ್ಷಮಿಸು ಎಂದು ಕೇಳಬೇಡಿ. ಕೇಳಿದರೆ ಅವನು ಮತ್ತೆ ‘ಹೂಂ ಸರ್’ ಅನ್ನಲೇಬೇಕಾಗುತ್ತದೆ, ಆ ದಿನ ಅಂದ ಹಾಗೇ. ಅವನ ಮೇಲೆ ಮತ್ತೊಂದು ಭಾರ ಹಾಕಬೇಡಿ. ನೀವು ಮಾಡಿದ್ದನ್ನು ಹೇಳಿ, ಸುಮ್ಮನಿರಿ. ಅವರು ಬೈದರೆ ಕೇಳಿಸಿಕೊಳ್ಳಿ. ಕೊನೆಗೆ, ಈಗ ಏನು ಬೇಕು ಎಂದು ಕೇಳಿ.

ಆ ಮಾತನ್ನು ನನ್ನ ಕೋಣೆಯಲ್ಲೇ ಏಳೆಂಟು ಸಲ ಆಡಿ ನೋಡಿದೆವು. ಪ್ರತಿ ಸಲವೂ ಅವರು “ಆದ್ರ ಪರಿಸ್ಥಿತಿ ಹಂಗಿತ್ತು” ಎಂದು ಬಾಲ ಸೇರಿಸುತ್ತಿದ್ದರು. ಕೊನೆಗೆ ಬಾಲ ಬಿದ್ದುಹೋಗಿ ಇಷ್ಟು ಉಳಿಯಿತು: “ನಿನ್ನ ಮೊಣಕಾಲು ಊದಿದ್ದು ನೋಡಿದ್ದೆ. ನೋಡಿನೂ ಒಳಗ ಕಳ್ಸಿದೆ. ಅದು ನಂದು.”

ಫೆಬ್ರವರಿಯ ಒಂದು ಭಾನುವಾರ ಹೋಗಿ ಬಂದರು. ಹುಡುಗನಿಗೆ ಆಪರೇಷನ್ ಆಗಿ ಒಂದು ತಿಂಗಳಾಗಿತ್ತು. ಮರುದಿನ ನನ್ನ ಮುಂದೆ ಕೂತು ಅವರು ಅತ್ತದ್ದನ್ನು ನಾನು ಮರೆಯಲಾರೆ. ಹುಡುಗ ಇಷ್ಟು ದಿನ ನಂಬಿಕೊಂಡದ್ದೇ ಬೇರೆ. “ನನ್ನಿಂದ ಸೋತ್ವಿ ಅಂತ ಸಿಟ್ಟಿಗೆದ್ದು ಸರ್ ಬಿಟ್ಟುಹೋದ್ರು ಅಂದ್ಕೊಂಡಿದ್ದೆ” ಅಂದನಂತೆ. ಅವನ ಅಪ್ಪ ಬೈಯಲಿಲ್ಲ. “ಕಾಲ್ ಹೋದದ್ದು ಒಂದ್ ಕಡೀಗೆ ಸರ್. ನೀವು ಮನೀಗೆ ಬರ್ಲಿಲ್ಲ ನೋಡ್ರಿ, ಅದು ಭಾಳ ಹತ್ತಿತು” ಅಂದರಂತೆ.

‘ವೈಯಕ್ತಿಕ ಕಾರಣ’ ಎಂದು ಬರೆದು ಕೋಚ್ ಸರ್ ಖಾಲಿ ಬಿಟ್ಟ ಜಾಗವನ್ನು ಊರು ಗಾಳಿಮಾತಿನಿಂದ ತುಂಬಿಸಿಕೊಂಡಿತ್ತು. ಹುಡುಗ ತನ್ನದೇ ಹೆಸರು ಬರೆದುಕೊಂಡಿದ್ದ. ಕೆಲಸ ಬಿಡುವವರು ಎಲ್ಲರಿಗೂ ಎಲ್ಲ ಹೇಳಬೇಕಿಲ್ಲ. ಊರಿಗೆ “ಹೇಳಂಗಿಲ್ಲ, ಬಿಡ್ರಿ” ಅಂದರೆ ಸಾಕು. ಆದರೆ ಆ ಕಾರಣದಿಂದ ನೊಂದವರು ಒಬ್ಬಿಬ್ಬರು ಇರುತ್ತಾರೆ. ಅವರಿಗೆ ನಿಜವನ್ನೇ ಹೇಳಬೇಕು, ಬೇಗ ಹೇಳಬೇಕು. ಇದನ್ನು ಓದುವ ಕೋಚ್‌ಗಳು, ಮೇಷ್ಟ್ರುಗಳು ಇದ್ದರೆ ನನ್ನ ಕಳಕಳಿ ಇದೊಂದೇ.

ಎಸಿಎಲ್ ಆಪರೇಷನ್ ಆದಮೇಲೆ ಮತ್ತೆ ಆಟಕ್ಕಿಳಿಯಲು ಕಮ್ಮಿ ಅಂದರೂ ಒಂಬತ್ತು ತಿಂಗಳು ಬೇಕು. ಅದರಲ್ಲಿ ಹೆಚ್ಚಿನದು ದಿನಾ ಮಾಡುವ ವ್ಯಾಯಾಮ, ಬೇಸರ ತರಿಸುವಂಥದ್ದು. ಹಳ್ಳಿಯಲ್ಲಿ ಒಬ್ಬನೇ ಮಾಡುವುದು ಕಷ್ಟ. ಈಗ ವಾರಕ್ಕೆ ಎರಡು ದಿನ ಹುಡುಗ ಬಸ್ಸಿಗೆ ಬರುತ್ತಾನೆ. ಕೋಚ್ ಸರ್ ಅವನನ್ನು ಫಿಸಿಯೋ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಫಿಸಿಯೋ ಹೇಳಿದಷ್ಟೇ, ಒಂದು ಎಣಿಕೆಯೂ ಜಾಸ್ತಿ ಇಲ್ಲ. ಆ ಖರ್ಚು ಪಿಎಫ್ ಹಣದ್ದು. ಹುಡುಗನ ಅಪ್ಪನನ್ನು ಕೇಳಿ, ಒಪ್ಪಿಸಿಯೇ ಕೊಡುತ್ತಿದ್ದಾರೆ. ರೈಲ್ವೆಯ ಕ್ರೀಡಾ ಕೋಟಾದ ಕನಸು ಹುಡುಗನಿಗೆ ಉಳಿದಿದೆಯೋ ಇಲ್ಲವೋ, ಈಗಲೇ ಯಾರೂ ಹೇಳಲಾರರು. ಅವನ ಮನಸ್ಸಿಗೂ ಪೆಟ್ಟಾಗಿದೆ. ಅವನಿಗೆ ಬೇರೆ ಸಲಹೆಗಾರರನ್ನು ತೋರಿಸಿಕೊಟ್ಟಿದ್ದೇನೆ. ಇಬ್ಬರ ಮಾತನ್ನೂ ನಾನೊಬ್ಬಳೇ ಕೇಳುವುದು ಸರಿಯಲ್ಲ.

ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಕಾಲೇಜಿನವರು ಮತ್ತೆ ಬನ್ನಿ ಎಂದು ಹೇಳಿಕಳಿಸಿದರು. ಹೋಗಲಾ, ಬಿಡಲಾ ಎಂದು ಕೋಚ್ ಸರ್ ನನ್ನನ್ನು ಕೇಳಿದರು. ಆ ಉತ್ತರ ನಾನು ಕೊಡಲಿಲ್ಲ. ಕೊಡಬಾರದು ಕೂಡ. “ಮತ್ತೆ ಅದೇ ಬೆಂಚಿನ ಹತ್ತಿರ, ಮೂರು ನಿಮಿಷ ಉಳಿದಾಗ, ನಿಮ್ಮನ್ನು ಯಾರು ತಡೆಯುತ್ತಾರೆ?” ಎಂದಷ್ಟೇ ಕೇಳಿದೆ. ಗೆಲ್ಲಬೇಕು ಅನ್ನುವವನೂ, ಪೆಟ್ಟಾದ ಹುಡುಗ ಆಡಬಹುದು ಅನ್ನುವವನೂ ಒಬ್ಬನೇ ಆಗಿದ್ದರೆ ಎಂಥ ಒಳ್ಳೆಯವನೂ ಒಂದಲ್ಲ ಒಂದು ದಿನ ಸೋಲುತ್ತಾನೆ ಎಂದು ನನಗೆ ಅನ್ನಿಸುತ್ತದೆ.

ಮುಂದಿನ ವಾರ ಅವರು ಇನ್ನೊಂದು ಹಾಳೆ ತಂದರು. ಕಾಲೇಜಿಗೆ ಬರೆದ ಪತ್ರ. ಈ ಸಲ ಕಾರಣ ಬಿಡಿಸಿ ಬರೆದಿದ್ದರು. ಪೆಟ್ಟಾದ ಆಟಗಾರ ಆಡಬೇಕೋ ಬೇಡವೋ ಅನ್ನುವುದನ್ನು ಫಿಸಿಯೋ ಅಥವಾ ಡಾಕ್ಟರ್ ಹೇಳಬೇಕು, ಅವರು ಬೇಡ ಅಂದರೆ ಕೋಚ್ ಆಗಲಿ ಆಡಳಿತದವರಾಗಲಿ ಎದುರು ಮಾತಾಡಬಾರದು. ಇದಕ್ಕೆ ಒಪ್ಪಿದರೆ ಮಾತ್ರ ಬರುತ್ತೇನೆ ಎಂದಿತ್ತು. ಕಾಲೇಜಿನಿಂದ ಇನ್ನೂ ಉತ್ತರ ಬಂದಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಏಳುವುದು ಹಾಗೇ ಇದೆ, ಆದರೆ ಬೂಟು ಹಾಕಿಕೊಂಡು ಕಲಬುರಗಿಯ ಅಪ್ಪನ ಕೆರೆಯ ತನಕ ನಡೆದು ಬರುತ್ತಾರಂತೆ. ತೊಗರಿಕಟ್ಟಿಗೆಯ ಸದ್ದಿಗೆ ಇನ್ನೂ ಎದ್ದು ಹೊರಗೆ ಹೋಗುತ್ತಾರೆ. ಹದಿನೈದು ದಿನ ಬಿಟ್ಟು ಬರಲು ಹೇಳಿದ್ದೇನೆ.